ಕಂಬದ ಬೋರ್ಡು ಓದಿ, ಆಮೇಲೆ ಕಾರು ನಿಲ್ಲಿಸಿ

ಬರ್ಕ್ಲಿಗೆ ಓದಲು ಬಂದಿರುವ ಮಕ್ಕಳೇ, ಅವರನ್ನು ನೋಡಿ ಹೋಗಲು ಬರುವ ಅಪ್ಪ ಅಮ್ಮಂದಿರೇ, ಇಲ್ಲೇ ಮನೆ ಮಾಡಿಕೊಂಡು ನೆಲೆನಿಂತ ಸಂಸಾರಸ್ಥರೇ, ಇವತ್ತು ನಿಮ್ಮ ಹತ್ತಿರ ಕಾರು ನಿಲ್ಲಿಸುವ ವಿಷಯ ಮಾತಾಡಬೇಕು. ಇದೇನು ಮಹಾ ಅನ್ನಬೇಡಿ. ಆಗಸ್ಟ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತರಗತಿ ಶುರುವಾದರೆ ಸಾಕು, ಟೆಲಿಗ್ರಾಫ್ ಅವೆನ್ಯೂ, ಡ್ವೈಟ್ ವೇ, ಕಾಲೇಜ್ ಅವೆನ್ಯೂ ಅಕ್ಕಪಕ್ಕದ ಮನೆಬೀದಿಗಳಲ್ಲಿ ದಂಡದ ಚೀಟಿ ಸಿಕ್ಕಿಸಿಕೊಂಡ ಕಾರುಗಳು ಕಾಣತೊಡಗುತ್ತವೆ. ಅವುಗಳಲ್ಲಿ ನಮ್ಮವರವೂ ಇರುತ್ತವೆ. ಒಳಗೆ ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪತಿ, ಹೊರಗೆ ವೈಪರಿನ ಕೆಳಗೆ ಟಿಕೆಟ್ಟು. ಕಷ್ಟಪಟ್ಟು ದುಡಿದ ದುಡ್ಡು, ಸಾಲ ತೆಗೆದು ತಂದ ದುಡ್ಡು ಹೀಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ನಿಮ್ಮನ್ನೇ ನೀವು ಕೇಳಿಕೊಳ್ಳಿ, ಕಾರು ಬೇಕೇ ಬೇಕೇ? ಓದುವ ಹುಡುಗ ಹುಡುಗಿಯರಿಗೆ ಈ ಪ್ರಶ್ನೆ. ನೀವು ಕಟ್ಟುವ ಶುಲ್ಕದಲ್ಲೇ ಎ.ಸಿ. ಟ್ರಾನ್ಸಿಟ್ ಬಸ್ಸಿನ ಪಾಸು ಸೇರಿರುತ್ತದೆ. ಡೌನ್‌ಟೌನ್ ಬರ್ಕ್ಲಿಯಲ್ಲಿ ಬಾರ್ಟ್ ರೈಲು ಹತ್ತಿದರೆ ಸ್ಯಾನ್ ಫ್ರಾನ್ಸಿಸ್ಕೋಗೂ ಹೋಗಬಹುದು, ವಿಮಾನ ನಿಲ್ದಾಣಕ್ಕೂ ಹೋಗಬಹುದು. ತಿಂಗಳಿಗೊಮ್ಮೆ ಇಂಡಿಯನ್ ಅಂಗಡಿಗೆ ಹೋಗಿ ಅಕ್ಕಿ ಬೇಳೆ ತರುವುದಕ್ಕಾಗಿ ಒಂದು ಕಾರನ್ನು ಮೂವತ್ತು ದಿನ ಬೀದಿಯಲ್ಲಿ ಕಾಯುವುದು ಯಾವ ಲೆಕ್ಕ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ನಿಮ್ಮಜ್ಜಿ ಹೇಳಿರುತ್ತಾರೆ. ನಾಲ್ಕು ಜನ ಸೇರಿ ಒಂದು ದಿನದ ಮಟ್ಟಿಗೆ ಬಾಡಿಗೆ ಕಾರು ತೆಗೆದುಕೊಳ್ಳಿ, ಎಲ್ಲರ ಸಾಮಾನೂ ಬರುತ್ತದೆ. ಇದೇ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪ್ರಶಸ್ತಿ ಬಂದ ಪ್ರಾಧ್ಯಾಪಕರಿಗೆ ಅವರಿಗೆಂದೇ ಬೋರ್ಡು ಹಾಕಿದ ಪಾರ್ಕಿಂಗ್ ಜಾಗ ಕೊಡುತ್ತಾರೆ. ಒಂದು ಕಾರು ಹಿಡಿಸುವಷ್ಟು ನೆಲಕ್ಕೆ ಇಲ್ಲಿ ಎಷ್ಟು ಬೆಲೆ ಎಂಬುದು ಅದರಿಂದಲೇ ತಿಳಿಯುತ್ತದೆ.

ಇಲ್ಲ, ಇಂಟರ್ನ್‌ಶಿಪ್ ದೂರ ಇದೆ, ರಾತ್ರಿ ಲ್ಯಾಬಿನಿಂದ ಬರಲು ಭಯ, ಕಾರು ಬೇಕೇ ಬೇಕು ಅನ್ನುತ್ತೀರಾ? ಆಗಲಿ. ಆದರೆ ಊರು ಬಿಟ್ಟು ಹೋಗುವ ಸೀನಿಯರ್ ಹತ್ತಿರ ವಾಟ್ಸಾಪಿನಲ್ಲೇ ವ್ಯಾಪಾರ ಮುಗಿಸಿ, ಕೀಲಿ ಇಸಿದುಕೊಂಡು ಬಂದುಬಿಡಬೇಡಿ. ಮಾರಿದವರು ಐದು ದಿನದೊಳಗೆ ವಾಹನ ನೋಂದಣಿಯ ಇಲಾಖೆಯಾದ ಡಿ.ಎಂ.ವಿ.ಗೆ ತಿಳಿಸಬೇಕು, ಕೊಂಡವರು ಹತ್ತು ದಿನದೊಳಗೆ ಹೆಸರು ಬದಲಾಯಿಸಿಕೊಳ್ಳಬೇಕು. ಇದು ಕ್ಯಾಲಿಫೋರ್ನಿಯಾದ ಕಾನೂನು. ಪಾರ್ಕಿಂಗ್ ಟಿಕೆಟ್ಟು ಕಾರು ಓಡಿಸಿದವರ ಹೆಸರಿಗೆ ಹೋಗುವುದಿಲ್ಲ, ಕಾರು ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ ಹೋಗುತ್ತದೆ. ಪಾಪ, ಸಿಯಾಟಲಿನಲ್ಲಿ ಹೊಸ ಕೆಲಸಕ್ಕೆ ಸೇರಿದ ಹುಡುಗನಿಗೆ ನೀವು ಬರ್ಕ್ಲಿಯಲ್ಲಿ ಮಾಡಿದ ತಪ್ಪಿನ ನೋಟಿಸು ಬರುವುದು ಸರಿಯೇ? ಕೊಳ್ಳುವ ಮುಂಚೆ ಆ ಕಾರಿನ ಮೇಲೆ ಹಳೆಯ ಬಾಕಿ ಏನಾದರೂ ಇದೆಯೇ ಎಂದೂ ವಿಚಾರಿಸಿ. ಕೇಳಲು ಸಂಕೋಚ ಪಡಬೇಡಿ, ನೆಂಟಸ್ತನ ಬೇರೆ, ವ್ಯವಹಾರ ಬೇರೆ.

ಇನ್ನು ಪರ್ಮಿಟ್ ವಿಷಯ. ವಿಶ್ವವಿದ್ಯಾಲಯದ ಸುತ್ತಲ ಮನೆಬೀದಿಗಳನ್ನು ನಗರಾಡಳಿತದವರು ವಲಯಗಳಾಗಿ ಹಂಚಿ, ಒಂದೊಂದಕ್ಕೆ ಒಂದೊಂದು ಅಕ್ಷರ ಕೊಟ್ಟಿದ್ದಾರೆ. ಆ ವಲಯದಲ್ಲಿ ವಾಸವಾಗಿರುವವರು ವಿಳಾಸದ ಪುರಾವೆ ತೋರಿಸಿ, ಶುಲ್ಕ ಕಟ್ಟಿ, ವರ್ಷದ ಪರ್ಮಿಟ್ ಪಡೆಯಬೇಕು. ಪರ್ಮಿಟ್ ಇಲ್ಲದವರು ಬೋರ್ಡಿನಲ್ಲಿ ಹೇಳಿದ ಹಗಲಿನ ಹೊತ್ತಿನಲ್ಲಿ ಎರಡು ಗಂಟೆಯಷ್ಟೇ ನಿಲ್ಲಿಸಬಹುದು. ಎಲ್ಲ ಕಟ್ಟಡದವರಿಗೂ ಪರ್ಮಿಟ್ ಕೊಡುವುದಿಲ್ಲ ಎಂಬುದನ್ನು ನೆನಪಿಡಿ. ಮನೆ ನೋಡಲು ಹೋದಾಗ ಅಡುಗೆಮನೆ ನೋಡುತ್ತೀರಿ, ವೈಫೈ ಕೇಳುತ್ತೀರಿ, ಈ ವಿಳಾಸಕ್ಕೆ ಪಾರ್ಕಿಂಗ್ ಪರ್ಮಿಟ್ ಸಿಗುತ್ತದೆಯೇ ಎಂದು ಮಾತ್ರ ಕೇಳುವುದಿಲ್ಲ. ಲೀಸಿಗೆ ಸಹಿ ಹಾಕಿದ ಮೇಲೆ ಕೇಳಿದರೆ ಏನು ಬಂತು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ. ಸಹಿ ಹಾಕುವ ಮೊದಲೇ ನಗರಾಡಳಿತಕ್ಕೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ, ಮನೆ ಮಾಲೀಕರ ಬಾಯಿಮಾತನ್ನು ನಂಬಬೇಡಿ.

ಪರ್ಮಿಟ್ ಸಿಕ್ಕಿತು ಎಂದರೆ ಜಾಗದ ಪಟ್ಟಾ ಸಿಕ್ಕಿತು ಅಂತಲ್ಲ. ನಿಮ್ಮ ವಲಯದಲ್ಲಿ ಜಾಗ ಹುಡುಕುವ ಹಕ್ಕು ಸಿಕ್ಕಿತು, ಅಷ್ಟೇ. ಪಕ್ಕದ ವಲಯದಲ್ಲಿ ಅದು ನಡೆಯುವುದಿಲ್ಲ. ಮೀಟರ್ ಇರುವಲ್ಲಿ ಮೀಟರಿಗೆ ದುಡ್ಡು ಹಾಕಲೇಬೇಕು, ಬೀದಿ ಗುಡಿಸುವ ದಿನ ಕಾರು ತೆಗೆಯಲೇಬೇಕು. ನೆಂಟರು ಬಂದರೆ ಒಂದು ದಿನದ ಪರ್ಮಿಟ್, ಎರಡು ವಾರದ ಪರ್ಮಿಟ್ ಎಂದು ಬೇರೆ ಇವೆ. ಅವರು ಬಂದಿಳಿದ ಮೇಲೆ ಓಡಾಡುವ ಬದಲು ಮುಂಚೆಯೇ ತರಿಸಿಟ್ಟುಕೊಳ್ಳಿ. ಅದನ್ನು ಗೆಳೆಯರಿಗೆ ಮಾರುವುದು, ಎರವಲು ಕೊಡುವುದು ಬೇಡ.

ಬೀದಿ ಸರ್ಕಾರದ್ದು, ನಾವೂ ತೆರಿಗೆ ಕಟ್ಟುತ್ತೇವೆ, ಅಲ್ಲಿ ಮನೆ ಇದ್ದವರಿಗೆ ಮಾತ್ರ ಯಾಕೆ ಈ ಸವಲತ್ತು ಎಂದು ನಿಮ್ಮಲ್ಲಿ ಕೆಲವರು ವಾದ ಮಾಡುತ್ತೀರಿ. ಈ ವಾದ ಸುಪ್ರೀಂ ಕೋರ್ಟಿನ ತನಕ ಹೋಗಿ ಬಂದಿದೆ. ವರ್ಜೀನಿಯಾದ ಆರ್ಲಿಂಗ್ಟನ್ ಕೌಂಟಿಯಲ್ಲಿ ಹತ್ತಿರದ ಕಚೇರಿಗಳಿಗೆ ಬರುವವರು ಮನೆಬೀದಿಗಳಲ್ಲಿ ಕಾರು ತುಂಬುತ್ತಿದ್ದರು. ಅಲ್ಲಿನ ಆಡಳಿತ ಪರ್ಮಿಟ್ ಪದ್ಧತಿ ತಂದಿತು, ಹೊರಗಿನಿಂದ ಬರುವವರು ಕೋರ್ಟಿಗೆ ಹೋದರು. ವಾಸಿಗಳಿಗೂ ಹೊರಗಿನವರಿಗೂ ಹೀಗೆ ಭೇದ ಮಾಡುವುದು ಸಂವಿಧಾನಕ್ಕೆ ವಿರುದ್ಧವಲ್ಲ, ವಾಹನಗಳ ಗದ್ದಲ, ಹೊಗೆ ತಗ್ಗಿಸಲು ಊರಿನವರು ಹಾಗೆ ಮಾಡಬಹುದು ಎಂದು 1977ರಲ್ಲಿ ತೀರ್ಪು ಬಂತು. ಆಮೇಲೆ ದೇಶದ ಎಷ್ಟೋ ಊರುಗಳು, ಅದರಲ್ಲೂ ವಿಶ್ವವಿದ್ಯಾಲಯ ಇರುವ ಊರುಗಳು, ಇದೇ ದಾರಿ ಹಿಡಿದವು. ನಾಲ್ಕು ವರ್ಷಕ್ಕೆ ನೀವು ಹೋಗುತ್ತೀರಿ, ಮತ್ತೊಬ್ಬರು ಬರುತ್ತಾರೆ. ಅಲ್ಲೇ ನಲವತ್ತು ವರ್ಷದಿಂದ ಇರುವ ಮುದುಕಿ ದಿನಸಿ ಚೀಲ ಹಿಡಿದು ಎಲ್ಲಿಂದ ನಡೆದು ಬರಬೇಕು ಹೇಳಿ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಕಂಬದ ಬೋರ್ಡು ಓದಿ. ಎಲ್ಲವನ್ನೂ ಓದಿ. ಒಂದೇ ಕಂಬಕ್ಕೆ ಮೂರು ಬೋರ್ಡು ಇರುತ್ತವೆ. ಮೇಲಿನದು ಎರಡು ಗಂಟೆಯ ನಿಯಮ, ಅದರ ಕೆಳಗೆ ಬೀದಿ ಗುಡಿಸುವ ದಿನ, ಇನ್ನೂ ಕೆಳಗೆ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ನಿಲ್ಲಿಸಿದರೆ ಎಳೆದೊಯ್ಯುತ್ತೇವೆ ಎಂಬ ಎಚ್ಚರಿಕೆ. ನೀವು ಮೇಲಿನದನ್ನು ಓದಿ, ಸರಿ ಬಿಡು ಎಂದು ಹೊರಟುಬಿಡುತ್ತೀರಿ. ಮೂರರಲ್ಲಿ ಯಾವುದು ಹೆಚ್ಚು ಬಿಗಿಯೋ ಅದು ನಿಮಗೆ ಅನ್ವಯಿಸುತ್ತದೆ. ಬಾಣದ ಗುರುತು ಯಾವ ಕಡೆ ತೋರಿಸುತ್ತದೆ ನೋಡಿ, ನಿಮ್ಮ ಕಾರು ಅದರ ಯಾವ ಕಡೆ ಇದೆ ನೋಡಿ. ಮರದ ಕೊಂಬೆ ಅಡ್ಡ ಬಂದಿದ್ದರೆ ಹತ್ತಿರ ಹೋಗಿ ಓದಿ. ಮನೆ ಖಾಲಿ ಮಾಡುವವರ ಲಾರಿಗೆಂದೋ ರಸ್ತೆ ಕೆಲಸಕ್ಕೆಂದೋ ಮರಕ್ಕೆ ಕಟ್ಟಿದ ತಾತ್ಕಾಲಿಕ ಬೋರ್ಡು ಇದ್ದರೆ ಅದಕ್ಕೂ ಅಷ್ಟೇ ಬೆಲೆ ಇದೆ. ಇಳಿದ ಕೂಡಲೇ ಬೋರ್ಡಿನ ಒಂದು ಫೋಟೋ ತೆಗೆದುಕೊಳ್ಳಿ, ಹೊತ್ತು ಗೊತ್ತಿರುತ್ತದೆ, ಮುಂದೆ ತಕರಾರು ಬಂದರೆ ಸಾಕ್ಷಿಯೂ ಆಗುತ್ತದೆ.

ಎರಡು ಗಂಟೆ ಧಾರಾಳ ಸಾಕು ಎಂದು ತರಗತಿಗೆ ಹೋಗುವವರು ಲೆಕ್ಕ ಹಾಕಿ ನೋಡಿ. ಕಾರು ನಿಲ್ಲಿಸಿದಲ್ಲಿಂದ ನಡೆಯಲು ಹದಿನೈದು ನಿಮಿಷ. ಬರ್ಕ್ಲಿಯಲ್ಲಿ ಪಾಠ ಹತ್ತು ನಿಮಿಷ ತಡವಾಗಿ ಶುರುವಾಗುವುದು ರೂಢಿ, ಒಂದೂವರೆ ಗಂಟೆಯ ತರಗತಿಯಲ್ಲಿ ಪಾಠ ನಡೆಯುವುದು 80 ನಿಮಿಷ. ಹೊತ್ತಿಗೆ ಮುಂಚೆ ಹೋಗಿ ಕೂತವರಿಗೆ ಅದು ಪೂರ್ತಿ 90. ಮತ್ತೆ ವಾಪಸು ಹದಿನೈದು. ಅಲ್ಲಿಗೇ 120 ನಿಮಿಷ ಮುಗಿಯಿತು. ದಾರಿಯಲ್ಲಿ ಗೆಳತಿ ಸಿಕ್ಕಿ ಒಂದು ಕಾಫಿ ಅಂದಳೋ, ಟಿಕೆಟ್ಟು. ತರಗತಿಗೆಂದು ಬರುವವರಿಗೆ ಎರಡು ಗಂಟೆಯ ಬೀದಿ ಹೇಳಿದ್ದಲ್ಲ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವ ಗ್ಯಾರೇಜಿಗೆ ಹೋಗಿ, ಇಲ್ಲವೇ ಪಾರ್ಕಿಂಗ್ ಇರುವ ಬೇರೆ ಬಾರ್ಟ್ ನಿಲ್ದಾಣದಲ್ಲಿ ಕಾರು ಬಿಟ್ಟು ರೈಲಿನಲ್ಲಿ ಬನ್ನಿ.

ಕಾರನ್ನು ಎರಡಡಿ ಮುಂದಕ್ಕೆ ಸರಿಸಿ ಹೊಸ ಎರಡು ಗಂಟೆ ಶುರು ಎನ್ನುವ ಜಾಣತನ, ಹೊತ್ತು ಲೆಕ್ಕ ಹಾಕಲು ಪಾರ್ಕಿಂಗ್ ವಿಭಾಗದವರು ಟಯರಿಗೆ ಹಚ್ಚಿದ ಸೀಮೆಸುಣ್ಣದ ಗುರುತು ಅಳಿಸುವ ಜಾಣತನ ಕೂಡಲೇ ಬಿಟ್ಟುಬಿಡಿ. ಸೀಮೆಸುಣ್ಣ ಹಚ್ಚುವುದೇ ಅಕ್ರಮ ಎಂದು ಎಲ್ಲೋ ಕೇಳಿ ನೀವು ಹೇಳುತ್ತೀರಿ. ಅದು 2019ರಲ್ಲಿ ಮಿಷಿಗನ್ನಿನ ಸ್ಯಾಗಿನಾ ಊರಿನ ಮೊಕದ್ದಮೆಯಲ್ಲಿ ಆ ಭಾಗದ ಮೇಲ್ಮನವಿ ಕೋರ್ಟು ಹೇಳಿದ್ದು. ಕ್ಯಾಲಿಫೋರ್ನಿಯಾಕ್ಕೆ ಅಧಿಕಾರವಿರುವ ಮೇಲ್ಮನವಿ ಕೋರ್ಟು 2022ರಲ್ಲಿ ಸ್ಯಾನ್ ಡಿಯಾಗೋ ಮೊಕದ್ದಮೆಯಲ್ಲಿ ಹಚ್ಚಬಹುದು ಎಂದೇ ಹೇಳಿದೆ. ಈಗಂತೂ ನಂಬರ್ ಪ್ಲೇಟು ಓದುವ ಕ್ಯಾಮೆರಾ ಹೊತ್ತ ಗಾಡಿಗಳು ಬಂದಿವೆ, ಅಳಿಸಲು ಗುರುತೇ ಇರುವುದಿಲ್ಲ.

ಬೀದಿ ಗುಡಿಸುವುದು ಮನೆಬೀದಿಗಳಲ್ಲಿ ತಿಂಗಳಿಗೊಮ್ಮೆ. ಇಂಥ ವಾರದ ಇಂಥ ದಿನ ಎಂದು ಬೋರ್ಡಿನಲ್ಲಿ ಬರೆದಿರುತ್ತದೆ, ಒಂದು ಬದಿಗೆ ಒಂದು ದಿನ, ಎದುರು ಬದಿಗೆ ಇನ್ನೊಂದು ದಿನ. ತಿಂಗಳಿಗೊಮ್ಮೆ ಇರುವುದರಿಂದಲೇ ಮರೆಯುತ್ತೀರಿ. ಹಿಂದಿನ ರಾತ್ರಿಗೆ ಫೋನಿನಲ್ಲಿ ಅಲಾರಂ ಇಡಿ, ಬೆಳಗಿನ ಒಂಬತ್ತಕ್ಕೆ ಇಟ್ಟರೆ ನೀವು ಏಳುವಷ್ಟರಲ್ಲಿ ಟಿಕೆಟ್ಟು ಬಂದಿರುತ್ತದೆ. ಇನ್ನು, ಒಂದೇ ಜಾಗದಲ್ಲಿ 72 ಗಂಟೆ ಮೀರಿ ನಿಂತ ಕಾರನ್ನು ಎಳೆದೊಯ್ಯಲು ರಾಜ್ಯದ ಕಾನೂನು ಊರುಗಳಿಗೆ ಅಧಿಕಾರ ಕೊಟ್ಟಿದೆ. ಪರ್ಮಿಟ್ ಇದ್ದರೂ ಅಷ್ಟೇ. ಎಳೆದೊಯ್ದ ಕಾರು ಬಿಡಿಸಿಕೊಳ್ಳಲು ಎಳೆದ ಖರ್ಚು, ದಿನಬಾಡಿಗೆ ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಅನುಭವಿಸಿದವರನ್ನು ಕೇಳಿ. ಶರತ್ಕಾಲದ ಶನಿವಾರಗಳಲ್ಲಿ ಮೆಮೋರಿಯಲ್ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಇದ್ದರೆ ಸುತ್ತಲ ಬೀದಿಗಳಲ್ಲಿ ನಿಯಮ ಇನ್ನೂ ಬಿಗಿ. ಆಟದ ವೇಳಾಪಟ್ಟಿ ಮೊದಲೇ ಬಂದಿರುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಫುಟ್‌ಪಾತಿನ ಅಂಚಿಗೆ ಬಳಿದ ಬಣ್ಣಗಳು ಗೊತ್ತೇ ಇರಬೇಕು. ಕೆಂಪಿದ್ದರೆ ನಿಲ್ಲಿಸಲೇಬೇಡಿ, ಹಳದಿ ಸರಕು ಇಳಿಸುವವರಿಗೆ, ಬಿಳಿ ಜನರನ್ನು ಹತ್ತಿಸಿ ಇಳಿಸಲು, ಹಸಿರು ಸ್ವಲ್ಪ ಹೊತ್ತಿಗೆ, ನೀಲಿ ಅಂಗವಿಕಲರಿಗೆ. ಬೆಂಕಿ ನಂದಿಸುವ ನೀರಿನ ನಲ್ಲಿಯಿಂದ 15 ಅಡಿ ಬಿಡಬೇಕು. ಹೊಸದೊಂದು ಸೇರಿದೆ, ಇದನ್ನು ಹಳಬರೂ ಗಮನಿಸಿ. ಜನ ರಸ್ತೆ ದಾಟುವ ಪಟ್ಟಿಗಿಂತ ಮುಂಚೆ, ವಾಹನ ಬರುವ ದಿಕ್ಕಿನಲ್ಲಿ, 20 ಅಡಿ ಖಾಲಿ ಬಿಡಬೇಕು. ಕೆಂಪು ಬಳಿದಿರಲಿ ಬಿಡಲಿ, 2025ರ ಜನವರಿಯಿಂದ ದಂಡ ಹಾಕುತ್ತಾರೆ. ನಿಮ್ಮ ಕಾರು ಅಡ್ಡ ನಿಂತರೆ ದಾಟುವ ಮಗು ಬರುವ ಗಾಡಿಗೆ ಕಾಣುವುದಿಲ್ಲ.

ನೀಲಿ ಎಂದಾಗ ಒಂದು ಮಾತು ನೆನಪಾಯಿತು, ಕೋಪ ಮಾಡಿಕೊಳ್ಳಬೇಡಿ. ಮಂಡಿನೋವಿನ ಅತ್ತೆಗೆ ಕೊಟ್ಟಿರುವ ಅಂಗವಿಕಲರ ಫಲಕವನ್ನು ಅತ್ತೆ ಮನೆಯಲ್ಲಿ ಮಲಗಿರುವಾಗ ಕಾರಿಗೆ ತೂಗುಹಾಕಿಕೊಂಡು ಹೋಗುವವರು ನಮ್ಮಲ್ಲಿ ಇದ್ದಾರೆ. ಮಾಡಬೇಡಿ. ಅದು ಅವರಿಗೆ ಕೊಟ್ಟಿದ್ದು, ಕಾರಿಗಲ್ಲ. ಸಿಕ್ಕಿಬಿದ್ದರೆ 250ರಿಂದ 1,000 ಡಾಲರ್ ದಂಡವಿದೆ. ದಂಡ ಹಾಗಿರಲಿ, ಆ ಜಾಗ ನಿಜವಾಗಿ ಬೇಕಾದವರು ಆ ಹೊತ್ತಿನಲ್ಲಿ ಎಲ್ಲಿ ಹೋಗಬೇಕು?

ಇದೇ ಕಾರಣಕ್ಕೆ ನಾನು ನಿಮ್ಮನ್ನು ಸ್ವಲ್ಪ ಜೋರಾಗಿಯೇ ಗದರುವುದು ಡ್ರೈವ್‌ವೇ ವಿಷಯದಲ್ಲಿ. ಸ್ವಂತ ಮನೆಯ ಡ್ರೈವ್‌ವೇಯಲ್ಲಿ ಎರಡನೇ ಕಾರು ನಿಲ್ಲಿಸಿ, ಅದರ ಹಿಂಭಾಗ ಫುಟ್‌ಪಾತಿನ ಮೇಲೆ ಮೂರಡಿ ಚಾಚಿಕೊಂಡಿದ್ದರೂ ನನ್ನ ಮನೆ ಮುಂದೆ ತಾನೇ ಅನ್ನುತ್ತೀರಿ. ಗಾಲಿಕುರ್ಚಿಯಲ್ಲಿ ಬರುವವರನ್ನು ಒಂದು ಸಲ ನಿಂತು ನೋಡಿ. ಕಾರಿನ ಹತ್ತಿರದವರೆಗೆ ಬರುತ್ತಾರೆ, ಹುಲ್ಲಿನ ಕಡೆ ಇಳಿಯಲಾಗುವುದಿಲ್ಲ, ಅಂಚುಗಲ್ಲು ಎತ್ತರ, ಇಳಿದರೆ ಉರುಳುತ್ತದೆ. ಕುರ್ಚಿಯನ್ನು ಹಿಂದೆ ಮುಂದೆ ಮಾಡಿ ತಿರುಗಿಸಿಕೊಂಡು, ಬಂದ ದಾರಿಯಲ್ಲೇ ಹಿಂದಿನ ಡ್ರೈವ್‌ವೇ ತನಕ ಹೋಗಿ, ಅಲ್ಲಿ ರಸ್ತೆಗಿಳಿದು, ಓಡುವ ವಾಹನಗಳ ನಡುವೆ ನಿಮ್ಮ ಮನೆ ದಾಟುತ್ತಾರೆ. ಇದು ಬರ್ಕ್ಲಿಯಲ್ಲಿ ಆಗಬಾರದು. ಪೋಲಿಯೋದಿಂದ ಕೈಕಾಲು ಸ್ವಾಧೀನ ತಪ್ಪಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದವರು. ಅವರೂ ಸಂಗಾತಿಗಳೂ ಹೋರಾಡಿ 1972ರಲ್ಲಿ ಸ್ವತಂತ್ರ ಜೀವನ ಕೇಂದ್ರವನ್ನು ಕಟ್ಟಿದ್ದು ಇಲ್ಲೇ. ಗಾಲಿಕುರ್ಚಿ ಇಳಿಯಲು ಅನುವಾಗುವಂತೆ ಫುಟ್‌ಪಾತಿನ ಅಂಚು ತಗ್ಗಿಸಬೇಕೆಂದು ಈ ಊರಿನ ಬೀದಿಗಳಿಗಾಗಿ ಅವರು ಹಟ ಹಿಡಿದರು. ಅಷ್ಟು ಕಷ್ಟಪಟ್ಟು ಮಾಡಿಕೊಟ್ಟ ದಾರಿಗೆ ನಿಮ್ಮ ಕಾರಿನ ಡಿಕ್ಕಿ ಅಡ್ಡ ಬರಬಾರದು.

ಬೆಟ್ಟದ ಕಡೆ ಮನೆ ಮಾಡಿದವರು ಇನ್ನೊಂದು ಕೇಳಿ. ಇಳಿಜಾರಿನಲ್ಲಿ ನಿಲ್ಲಿಸುವಾಗ ಕೆಳಮುಖವಾಗಿದ್ದರೆ ಚಕ್ರವನ್ನು ಅಂಚುಗಲ್ಲಿನ ಕಡೆ, ಮೇಲ್ಮುಖವಾಗಿದ್ದರೆ ರಸ್ತೆಯ ಕಡೆ ತಿರುಗಿಸಿ, ಹ್ಯಾಂಡ್ ಬ್ರೇಕ್ ಹಾಕಿ. ಅಂಚುಗಲ್ಲೇ ಇಲ್ಲದಿದ್ದರೆ ಎರಡಕ್ಕೂ ರಸ್ತೆಯ ಹೊರಗಿನ ಬದಿಗೆ. ಅದಕ್ಕಿಂತ ದೊಡ್ಡದು ಬೆಂಕಿಯ ಭಯ. 1991ರ ಅಕ್ಟೋಬರಿನಲ್ಲಿ ಓಕ್‌ಲ್ಯಾಂಡ್ ಮತ್ತು ಬರ್ಕ್ಲಿ ಬೆಟ್ಟಗಳಲ್ಲಿ ಹೊತ್ತಿದ ಬೆಂಕಿಗೆ 25 ಜನ ಸತ್ತರು. ಕಿರಿದಾದ ತಿರುವಿನ ಬೀದಿಗಳಲ್ಲಿ ಓಡಿಹೋಗಲು ದಾರಿ ಸಿಗದೆ ಸಿಕ್ಕಿಬಿದ್ದವರಿದ್ದರು. ಇವತ್ತಿಗೂ ಆ ಬೀದಿಗಳು ಅಗಲವಾಗಿಲ್ಲ. ಎರಡೂ ಬದಿ ಕಾರು ನಿಂತರೆ ಅಗ್ನಿಶಾಮಕ ಗಾಡಿ ನುಗ್ಗುವುದು ಹೇಗೆ? ಒಣಗಾಳಿ ಬೀಸಿ ಬೆಂಕಿಯ ಎಚ್ಚರಿಕೆ ಕೊಟ್ಟ ದಿನ ಕಾರನ್ನು ಬೀದಿಯಿಂದ ತೆಗೆದು ಡ್ರೈವ್‌ವೇಗೋ ಗ್ಯಾರೇಜಿಗೋ ಸೇರಿಸಿ, ಮೂತಿ ಹೊರಗೆ ಮಾಡಿ ನಿಲ್ಲಿಸಿ. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡುವುದು ಬೇಡ.

ಗ್ಯಾರೇಜು ಅಂದೆ, ನಿಮ್ಮ ಗ್ಯಾರೇಜಿನಲ್ಲಿ ಜಾಗ ಇದೆಯೇ? ಮುರಿದ ಸೂಟ್‌ಕೇಸು, ಮಗ ಬಿಟ್ಟ ಸೈಕಲ್ಲು, ಟಿವಿ ಬಂದ ರಟ್ಟಿನ ಡಬ್ಬ, ಯಾವತ್ತೋ ಊರಿಗೆ ಕಳಿಸಬೇಕೆಂದು ಇಟ್ಟ ಬಟ್ಟೆ ಮೂಟೆ, ಇವೆಲ್ಲ ಒಳಗೆ ನೆರಳಿನಲ್ಲಿ, ಸಾವಿರಾರು ಡಾಲರಿನ ಕಾರು ಬೀದಿಯ ಬಿಸಿಲಿನಲ್ಲಿ. ಬರುವ ಭಾನುವಾರ ಗ್ಯಾರೇಜು ಖಾಲಿ ಮಾಡಿ. ಮನೆ ಮುಂದಿನ ಬೀದಿಯಂಚು ನನ್ನದು ಎನ್ನುವ ಭಾವನೆಯನ್ನೂ ಖಾಲಿ ಮಾಡಿ. ಬೆಂಗಳೂರು ಮೈಸೂರಿನಲ್ಲಿ ಮನೆ ಮುಂದೆ ಹೂಕುಂಡ, ಕಲ್ಲು ಇಟ್ಟು ಜಾಗ ಹಿಡಿದು ಅಭ್ಯಾಸವಾದವರು ಇಲ್ಲಿ ಕಸದ ಡಬ್ಬಿ ಇಟ್ಟು ಜಾಗ ಹಿಡಿಯುತ್ತೀರಿ. ಅದು ಅಲ್ಲಿಯೂ ತಪ್ಪು, ಇಲ್ಲಿಯೂ ತಪ್ಪು. ಯಾವುದೋ ವಿದ್ಯಾರ್ಥಿ ನಿಯಮದಂತೆ ನಿಮ್ಮ ಮನೆ ಮುಂದೆ ನಿಲ್ಲಿಸಿದ್ದರೆ ಅವನ ಗಾಜಿಗೆ ಬೈಗುಳದ ಚೀಟಿ ಅಂಟಿಸಬೇಡಿ. ದಾರಿಗೇ ಅಡ್ಡ ನಿಲ್ಲಿಸಿದ್ದರೆ ಅಕ್ಕಪಕ್ಕ ಕೇಳಿ ನೋಡಿ, ಸಿಗದಿದ್ದರೆ ನಗರದ ಪಾರ್ಕಿಂಗ್ ವಿಭಾಗಕ್ಕೆ ಫೋನ್ ಮಾಡಿ. ಮಾತು ಬಲ್ಲವನಿಗೆ ಜಗಳವಿಲ್ಲ.

ಗಣೇಶನ ಹಬ್ಬ, ವರಮಹಾಲಕ್ಷ್ಮಿಯ ಅರಿಶಿನ ಕುಂಕುಮ, ಸತ್ಯನಾರಾಯಣ ಪೂಜೆ ಎಂದರೆ ಇಪ್ಪತ್ತು ಕಾರು ಬರುತ್ತವೆ. ಕರೆಯುವಾಗಲೇ ಹೇಳಿ, ಒಂದು ಕಾರಿನಲ್ಲಿ ಎರಡು ಸಂಸಾರ ಬನ್ನಿ ಎಂದು. ಹಿರಿಯರನ್ನು ಬಾಗಿಲಲ್ಲಿ ಇಳಿಸಿ, ಕಾರನ್ನು ನಾಲ್ಕು ಬೀದಿ ಆಚೆ ನಿಲ್ಲಿಸಿ ನಡೆದು ಬರಲಿ. ಎರಡು ದಿನ ಮುಂಚೆ ಅಕ್ಕಪಕ್ಕದ ಮನೆಗಳಿಗೆ ಹೋಗಿ, ಇಂಥ ದಿನ ಪೂಜೆ ಇದೆ, ಯಾರಾದರೂ ಅಡ್ಡ ನಿಲ್ಲಿಸಿದರೆ ಈ ನಂಬರಿಗೆ ಫೋನ್ ಮಾಡಿ ಎಂದು ಹೇಳಿ ಬನ್ನಿ. ಮರುದಿನ ಒಂದು ಡಬ್ಬಿ ಲಾಡು ಕೊಡಿ. ಹೊರಡುವಾಗ ಕಾರಿನ ಬಾಗಿಲು ತೆರೆದಿಟ್ಟುಕೊಂಡು ರಾತ್ರಿ ಹತ್ತೂವರೆಗೆ ಅರ್ಧ ಗಂಟೆ ಮಾತಾಡುವ ನಮ್ಮ ಅಭ್ಯಾಸ ಬಿಟ್ಟು, ಮಾತನ್ನು ಒಳಗೇ ಮುಗಿಸಿ. ಪಕ್ಕದ ಮನೆಯ ಮಗು ಮಲಗಿರುತ್ತದೆ.

ಇಷ್ಟಾದರೂ ಟಿಕೆಟ್ಟು ಬಂದರೆ ಡ್ರಾಯರಿನಲ್ಲಿ ಬಚ್ಚಿಡಬೇಡಿ. ತಪ್ಪು ನಿಮ್ಮದಾದರೆ ಕೂಡಲೇ ಕಟ್ಟಿ, ತಡವಾದಷ್ಟೂ ಬೆಳೆಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ತಪ್ಪು ನಿಮ್ಮದಲ್ಲ, ಬೋರ್ಡು ಬಿದ್ದುಹೋಗಿತ್ತು, ಪರ್ಮಿಟ್ ಸರಿಯಾಗಿಯೇ ಇತ್ತು ಎಂದಾದರೆ ಹೆದರದೆ ತಕರಾರು ಹಾಕಿ. ಟಿಕೆಟ್ಟು ಕೊಟ್ಟ 21 ದಿನದೊಳಗೆ ಮರುಪರಿಶೀಲನೆ ಕೇಳುವ ಹಕ್ಕು ಈ ರಾಜ್ಯದಲ್ಲಿ ನಿಮಗಿದೆ. ಅಲ್ಲಿ ಒಪ್ಪದಿದ್ದರೆ ವಿಚಾರಣೆ, ಅದಕ್ಕೂ ಮೇಲೆ ಕೋರ್ಟು. ಫೋಟೋ ತೆಗೆದಿಟ್ಟಿದ್ದು ಈಗ ಕೆಲಸಕ್ಕೆ ಬರುತ್ತದೆ. ಕಟ್ಟದೆ ಬಿಟ್ಟರೆ ಡಿ.ಎಂ.ವಿ. ನಿಮ್ಮ ಕಾರಿನ ನೋಂದಣಿ ನವೀಕರಿಸುವುದಿಲ್ಲ. ಐದು ಬಾಕಿಯಾದರೆ ಕಾರಿಗೆ ಬೀಗ ಹಾಕಬಹುದು, ಎಳೆದೊಯ್ಯಲೂಬಹುದು.

ಬೇರೆ ಊರಿನಲ್ಲಿ ಓದುವವರು ಇದನ್ನೇ ಅಲ್ಲಿಗೆ ಹೊಂದಿಸಿಕೊಳ್ಳಬೇಡಿ, ಅಲ್ಲಿನ ನಿಯಮ ಅಲ್ಲಿಯೇ ಕೇಳಿ. ವಿಸ್ಕಾನ್ಸಿನ್ನಿನ ಮ್ಯಾಡಿಸನ್ನಿನ ಹಲವು ಬೀದಿಗಳಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ರಾತ್ರಿ ಒಂದರಿಂದ ಬೆಳಗ್ಗೆ ಏಳರವರೆಗೆ, ಹಿಮ ತೆಗೆಯುವ ಗಾಡಿಗೆ ದಾರಿಯಾಗಲೆಂದು, ತಾರೀಕು ಸಮವೋ ಬೆಸವೋ ನೋಡಿ ಬೀದಿಯ ಬದಿ ಬದಲಿಸಬೇಕು. ರಾತ್ರಿ ಹತ್ತಕ್ಕೆ ನಿಲ್ಲಿಸುವಾಗ ನೋಡಬೇಕಾದ್ದು ಮರುದಿನದ ತಾರೀಕು, ಅವತ್ತಿನದಲ್ಲ.

ನಿಯಮ ಸರಿಯಿಲ್ಲ ಎನ್ನುವವರು ಬೀದಿಯಲ್ಲಿ ಗೊಣಗುವ ಬದಲು ನಗರಸಭೆಯ ಸಭೆಗೆ ಹೋಗಿ ಹೇಳಿ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಡೊನಾಲ್ಡ್ ಶೂಪ್ ಬದುಕಿಡೀ ಹೇಳಿದ್ದು, ಪುಕ್ಕಟೆ ಪಾರ್ಕಿಂಗ್ ಪುಕ್ಕಟೆಯಲ್ಲ, ಅದರ ಖರ್ಚು ಯಾರೋ ಹೊರುತ್ತಿರುತ್ತಾರೆ ಎಂದು. 2005ರಲ್ಲಿ ಅದನ್ನೇ ಕುರಿತು ದೊಡ್ಡ ಪುಸ್ತಕ ಬರೆದರು. ಹಳೆಯ ಪ್ಯಾಸಡೀನಾದಲ್ಲಿ 1993ರಲ್ಲಿ ಮೀಟರ್ ಹಾಕಿ, ಬಂದ ದುಡ್ಡನ್ನು ಅದೇ ಬೀದಿಗಳ ಫುಟ್‌ಪಾತು, ದೀಪ, ಸ್ವಚ್ಛತೆಗೆ ಹಾಕಿದ್ದನ್ನು ಅವರು ಎಲ್ಲ ಕಡೆ ಎತ್ತಿ ಹೇಳುತ್ತಿದ್ದರು. ನಮ್ಮ ಬೀದಿಯ ದುಡ್ಡು ನಮ್ಮ ಬೀದಿಗೆ ಬರಲಿ ಎಂದು ನೀವೂ ಕೇಳಬಹುದು. ಸಭೆಯಲ್ಲಿ ಬಾಡಿಗೆದಾರರಿಗೂ ವಿದ್ಯಾರ್ಥಿಗಳಿಗೂ ಮಾತಾಡುವ ಅವಕಾಶ ಇರುತ್ತದೆ.

ಕೊನೆಯದಾಗಿ, ರಜೆಗೆ ಊರಿಗೆ ಹೊರಡುವವರಿಗೆ. ಟಿಕೆಟ್ ಬುಕ್ ಮಾಡಿ, ಅಮ್ಮನಿಗೆ ಸೀರೆ, ತಂಗಿಗೆ ಚಾಕೊಲೇಟ್ ಎಲ್ಲ ಪ್ಯಾಕ್ ಮಾಡುತ್ತೀರಿ, ಕಾರನ್ನು ಬೀದಿಯಲ್ಲೇ ಬಿಟ್ಟು ವಿಮಾನ ಹತ್ತುತ್ತೀರಿ. ಒಂದು ತಿಂಗಳಲ್ಲಿ ಬೀದಿ ಗುಡಿಸುವ ದಿನ ಬಂದೇ ಬರುತ್ತದೆ, 72 ಗಂಟೆ ಹತ್ತು ಸಲ ಮುಗಿಯುತ್ತದೆ. ಪರ್ಮಿಟ್ಟಿನ ಅವಧಿ ನೀವಿಲ್ಲದಾಗ ಮುಗಿಯುತ್ತದೆಯೇ ನೋಡಿ, ಮುಂಚೆಯೇ ನವೀಕರಿಸಿ. ಡ್ರೈವ್‌ವೇ ಇರುವ ಪರಿಚಯದವರನ್ನು ಕೇಳಿಕೊಂಡು ಅಲ್ಲಿ ನಿಲ್ಲಿಸಿ. ಅದಾಗದಿದ್ದರೆ ನಂಬಿಕಸ್ಥ ಗೆಳೆಯರಿಗೆ ಕೀಲಿ ಕೊಟ್ಟು ಹೋಗಿ, ಜೊತೆಗೆ ಬೀದಿ ಗುಡಿಸುವ ತಾರೀಕನ್ನೂ ಬರೆದು ಕೊಡಿ.